ಬೆಟ್ಟದೂರಿನ ಆಫೀಸು, ಬಸ್ಸಿನ ಟೈಮು

ಪ್ರಶ್ನೆ: ಮಡಿಕೇರಿಯಲ್ಲಿ ನಮ್ಮದೊಂದು ಚಿಕ್ಕ ಸಂಸ್ಥೆ ಇದೆ. ಕುಶಾಲನಗರ, ಸುಂಟಿಕೊಪ್ಪ, ಮೂರ್ನಾಡು ಕಡೆಯಿಂದ ಒಬ್ಬೊಬ್ಬರೂ ಒಂದೊಂದು ಕಾರು, ಬೈಕಿನಲ್ಲಿ ಬರುತ್ತಾರೆ. ಈ ಮಳೆ, ಈ ಏರುದಾರಿಯಲ್ಲಿ ಪೆಟ್ರೋಲ್ ಸುಡುವುದನ್ನು ಕಡಿಮೆ ಮಾಡಿಸಲು ಮಾಲೀಕರು ಏನು ಮಾಡಬಹುದು?

ಉತ್ತರ: ಮೊದಲು ಬಸ್ ಸ್ಟ್ಯಾಂಡಿಗೆ ಹೋಗಿ ಟೈಮು ಬರೆದುಕೊಂಡು ಬನ್ನಿ. ಸರ್ಕಾರಿ ಬಸ್ಸಿನದ್ದು, ಪ್ರೈವೇಟ್ ಬಸ್ಸಿನದ್ದು ಎರಡೂ. ಕೊಡಗಿಗೆ ರೈಲಿಲ್ಲ, ನಮಗಿರುವುದು ಬಸ್ಸೇ. ನಿಮ್ಮ ಆಫೀಸು ಬಿಡುವುದು 5.30ಕ್ಕೆ, ಊರಿನ ಬಸ್ಸು ಹೊರಡುವುದು 5.25ಕ್ಕೆ ಅಂದುಕೊಳ್ಳಿ. ಮುಂದಿನ ಬಸ್ಸು ಬರುವಷ್ಟರಲ್ಲಿ ಕತ್ತಲು. ಆ ಐದು ನಿಮಿಷಕ್ಕೋಸ್ಕರ ಸಾಲ ಮಾಡಿ ಸ್ಕೂಟರ್ ತಗೊಂಡವರು ಎಷ್ಟೋ ಜನ. ಕೆಲಸದ ಸಮಯವನ್ನು ಕಾಲು ಗಂಟೆ ಹಿಂದೆ ಸರಿಸಿ. ಖರ್ಚಿಲ್ಲದ ಕೆಲಸ ಇದು, ಫಲ ಮಾತ್ರ ಜಾಸ್ತಿ.

ಆಮೇಲೆ ದುಡ್ಡಿನ ಲೆಕ್ಕ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಬೈಕಿನವರಿಗೆ ಪೆಟ್ರೋಲ್ ಭತ್ಯೆ ಇತ್ತು, ಬಸ್ಸಿನಲ್ಲಿ ಬರುವವರಿಗೆ ಏನೂ ಇರಲಿಲ್ಲ. ಎರಡು ಮಳೆಗಾಲ ಬಸ್ಸಿನಲ್ಲೇ ಓಡಾಡಿದೆ. ಮೂರನೇ ವರ್ಷ ನಾನೂ ಬೈಕ್ ತಗೊಂಡೆ. ಈಗಲೂ ಅದು ನನಗೆ ಬೇಸರದ ವಿಷಯವೇ. ಭತ್ಯೆ ಕೊಡುವುದಾದರೆ ಎಲ್ಲರಿಗೂ ಒಂದೇ ಮೊತ್ತ ಕೊಡಿ, ಹೇಗೆ ಬರುತ್ತಾರೆ ಎಂದು ಕೇಳಬೇಡಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ, ನಿಜ. ಆದರೆ ನಮ್ಮ ಎಷ್ಟೋ ಊರುಗಳಿಗೆ ಹೋಗುವುದು ಪ್ರೈವೇಟ್ ಬಸ್ಸು, ಅಲ್ವಾ? ಅಲ್ಲಿ ಟಿಕೆಟ್ ಕೊಳ್ಳಲೇಬೇಕು.

ಬಸ್ಸಿಲ್ಲದ ದಾರಿಯವರು ಒಂದೇ ಕಾರಿನಲ್ಲಿ ಬರಲಿ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್, ಹೋಗಿಬರಲು 60. ಲೀಟರಿಗೆ 15 ಕಿಲೋಮೀಟರ್ ಎಂದರೂ ಒಂದು ಕಾರಿಗೆ ದಿನಕ್ಕೆ 4 ಲೀಟರ್. ನಾಲ್ಕು ಜನ ನಾಲ್ಕು ಕಾರು ತರುವ ಬದಲು ಒಂದರಲ್ಲೇ ಬಂದರೆ 12 ಲೀಟರ್ ಉಳಿಯಿತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ಒಂದೇ ದಿನಕ್ಕೆ 27 ಕಿಲೋಗೂ ಹೆಚ್ಚು ಕಡಿಮೆಯಾಯಿತು. ಯಾರು ಯಾವ ದಾರಿಯವರು ಎಂದು ಗೋಡೆಗೆ ಒಂದು ಪಟ್ಟಿ ಅಂಟಿಸಿ, ಜೊತೆ ಅವರೇ ಹುಡುಕಿಕೊಳ್ಳುತ್ತಾರೆ. ಮಗುವಿಗೆ ಜ್ವರ ಬಂದು ಮಧ್ಯಾಹ್ನವೇ ಮನೆಗೆ ಓಡಬೇಕಾದರೆ ಆಟೊ ದುಡ್ಡು ಆಫೀಸೇ ಕೊಡುತ್ತದೆ ಎಂದು ಮೊದಲೇ ಹೇಳಿಬಿಡಿ. ಸ್ವಂತ ಗಾಡಿ ಬಿಟ್ಟು ಬರಲು ಜನ ಹೆದರುವುದು ಇದೊಂದಕ್ಕೇ.

ಎಲೆಕ್ಟ್ರಿಕ್ ಸ್ಕೂಟರ್ ಇರುವವರಿಗೆ ಮಳೆ ಬೀಳದ ಕಡೆ ಒಂದು ಪ್ಲಗ್ ಹಾಕಿಸಿ. ಆಟಿಯ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಗೆ ಹಳ್ಳಿಯಲ್ಲಿ ಕರೆಂಟು ಹೋದರೆ ಮನೆಯಲ್ಲಿ ಚಾರ್ಜ್ ಮಾಡೋದು ಹೇಗೆ?

ಇನ್ನೊಂದು ಸಣ್ಣ ವಿಷಯ, ಯಾರೂ ಯೋಚಿಸುವುದಿಲ್ಲ. ಜುಲೈನಲ್ಲಿ ಬಸ್ಸಿಳಿದು ಅರ್ಧ ಕಿಲೋಮೀಟರ್ ನಡೆದರೆ ಕೊಡೆ ಇದ್ದರೂ ಮೊಣಕಾಲಿನ ತನಕ ಒದ್ದೆ. ಸಾಕ್ಸ್ ಹಿಂಡಿದರೆ ನೀರು ಸುರಿಯುತ್ತದೆ. ಅದೇ ಕಾಲಲ್ಲಿ ಸಂಜೆ ತನಕ ಕೂರುವುದು ಯಾರಿಗೆ ಬೇಕು? ಒಂದು ಮೂಲೆಯಲ್ಲಿ ರೇನ್‌ಕೋಟ್ ನೇತುಹಾಕಲು ಮೊಳೆ, ಬಟ್ಟೆ ಒಣಗಿಸಲು ಹೀಟರ್, ಇನ್ನೊಂದು ಜೊತೆ ಚಪ್ಪಲಿ ಇಡಲು ಗೂಡು ಮಾಡಿಸಿ. ನಡೆದು ಬರುವವರು ಆಗ ಮಳೆಗಾಲದಲ್ಲೂ ನಡೆಯುತ್ತಾರೆ.

ರೆಡ್ ಅಲರ್ಟ್ ಇದ್ದ ದಿನ ಮನೆಯಿಂದಲೇ ಕೆಲಸ ಮಾಡಲು ಬಿಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ರಸ್ತೆಗಳೇ ಇಲ್ಲವಾದದ್ದನ್ನು ನೋಡಿದವರು ನಾವು. ಮನೆಯಿಂದ ಮಾಡಲಾಗದ ಕೆಲಸದವರಿಗೆ ಆ ದಿನದ ಸಂಬಳ ಕಡಿಯಬೇಡಿ.