ತಿದಿ ಒತ್ತಿದ ಎಂಜಿನ್

ಪಿಸ್ಟನ್ ಹೊರಗೆ ತೆಗೆದು ಬೆಳಕಿಗೆ ತಿರುಗಿಸಿದಾಗ ಕಂಡಿತು. ಮೇಲಿನ ಎರಡು ರಿಂಗ್‌ಗಳ ನಡುವಿನ ಅಂಚಿನಲ್ಲಿ ಉಗುರಿನಷ್ಟು ಅಲ್ಯೂಮಿನಿಯಂ ಚೂರು ಹಾರಿಹೋಗಿತ್ತು. ಉಳಿದ ಮೂರು ಸಿಲಿಂಡರ್‌ಗಳ ಕಂಪ್ರೆಶನ್ (ಒಳಗಿನ ಗಾಳಿಯನ್ನು ಸೋರದಂತೆ ಒತ್ತಿ ಹಿಡಿಯೋದು) ಚೆನ್ನಾಗಿದ್ದು, ಇದೊಂದರದ್ದು ಮಾತ್ರ ಯಾಕೆ ಬಿದ್ದಿತ್ತು ಅನ್ನೋದು ಆಗ ಗೊತ್ತಾಯಿತು.

ಕಾರು 2003ರ ಮಿನಿ ಕೂಪರ್ ಎಸ್. ಜೋಡಣೆಯಾದದ್ದು ಇಲ್ಲೇ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ, ಎಂಜಿನ್ ಬಂದದ್ದು ಬ್ರೆಜಿಲ್‌ನಿಂದ. 1.6 ಲೀಟರ್, 163 ಎಚ್‌ಪಿ. ಇಷ್ಟೇ ದೊಡ್ಡ ಎಂಜಿನ್ ಇದ್ದ ಸಾದಾ ಕೂಪರ್‌ಗೆ ಸುಮಾರು 115 ಎಚ್‌ಪಿ. ಈ ವ್ಯತ್ಯಾಸ ತಂದದ್ದು ಸೂಪರ್‌ಚಾರ್ಜರ್, ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಬ್ಲೋವರ್.

ಕುಲುಮೆಯ ತಿದಿ ನೋಡಿದವರಿಗೆ ಇದು ಹೊಸದಲ್ಲ. ಇದ್ದಿಲು ಅಷ್ಟೇ ಇರುತ್ತದೆ, ಗಾಳಿ ಒತ್ತಿದ ಕೂಡಲೇ ನಿಗಿನಿಗಿ ಉರಿಯುತ್ತದೆ. ಎಂಜಿನ್‌ನಲ್ಲೂ ಪೆಟ್ರೋಲ್ ಜಾಸ್ತಿ ಚಿಮ್ಮಿಸೋದು ಸುಲಭ, ಗಾಳಿ ತರೋದೇ ಕಷ್ಟ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಅಮೆರಿಕದ ಇಂಡಿಯಾನಾದಲ್ಲಿ ರೂಟ್ಸ್ ಸೋದರರು 1860ರಲ್ಲಿ ಪೇಟೆಂಟ್ ಪಡೆದ ಬ್ಲೋವರ್ ಆಮೇಲೆ ಕಬ್ಬಿಣದ ಕುಲುಮೆಗಳಿಗೆ ಗಾಳಿ ಊದಿತು. ಈ ಮಿನಿಯಲ್ಲಿರುವುದು ಅದೇ ವಂಶದ್ದು. ಅಂದರೆ ನಿಜವಾಗಿಯೂ ತಿದಿಯೇ! ಒಳಗೆ ಎರಡು ರೋಟರ್‌ಗಳು ಒಂದನ್ನೊಂದು ಮುಟ್ಟದೆ, ಕೂದಲೆಳೆಯ ಸಂದಿಯಲ್ಲಿ ತಿರುಗುತ್ತವೆ. ಒಂದು ಸುತ್ತು ತಿರುಗಿದರೆ ಮುಕ್ಕಾಲು ಲೀಟರಿನಷ್ಟು ಗಾಳಿ ಮುಂದೆ ಹೋಗುತ್ತದೆ.

ಆದರೆ ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದ್ದೀರಲ್ವಾ? ಎಷ್ಟು ಬಿಸಿ ಅಂತ ಲೆಕ್ಕ ಹಾಕಿದೆ. ಹೊರಗಿನ ಗಾಳಿ 25 ಡಿಗ್ರಿ ಇರಲಿ, ಒತ್ತಡ 1.7 ಪಟ್ಟು ಆಗಲಿ. ಬ್ಲೋವರ್‌ನ ದಕ್ಷತೆ ಶೇ 60 ಅಂದುಕೊಂಡರೆ ಗಾಳಿ 105 ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ಹಿಗ್ಗುತ್ತದೆ. ಹಾಗಾಗಿ ಒತ್ತಡ ಶೇ 70 ಏರಿದರೂ ಗಾಳಿ ನಿಜವಾಗಿ ಜಾಸ್ತಿಯಾಗುವುದು ಶೇ 33 ಮಾತ್ರ. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಅದನ್ನು 50 ಡಿಗ್ರಿಗೆ ಇಳಿಸಿದರೆ ಆ ಲೆಕ್ಕ ಶೇ 57ಕ್ಕೆ ಏರುತ್ತದೆ. ಬಾನೆಟ್ ಮೇಲಿನ ಆ ಮೂಗಿನ ಹೊಳ್ಳೆಯಂಥ ತೂತು ಸುಮ್ನೆ ಅಂದಕ್ಕೆ ಅಲ್ಲ. ಅದರ ಕೆಳಗೇ ಇಂಟರ್‌ಕೂಲರ್ ಕೂತಿದೆ.

ನನ್ನ ಕಾರಿನ ಹಿಂದಿನ ಮಾಲೀಕರು ಬ್ಲೋವರ್‌ಗೆ ಶೇ 15 ಚಿಕ್ಕ ಪುಲ್ಲಿ (ಬೆಲ್ಟಿನಿಂದ ತಿರುಗುವ ಗಾಲಿ) ಹಾಕಿಸಿದ್ದರು. ಅದರಿಂದ ಬ್ಲೋವರ್ ಸುಮಾರು ಶೇ 18 ವೇಗವಾಗಿ ತಿರುಗುತ್ತದೆ. ಗಾಳಿಯೂ ಜಾಸ್ತಿ, ಬಿಸಿಯೂ ಜಾಸ್ತಿ. ಆದರೆ ಪೆಟ್ರೋಲ್, ಸ್ಪಾರ್ಕ್ ಹೊಂದಿಸುವ ಕಂಪ್ಯೂಟರ್‌ನ ಟ್ಯೂನಿಂಗ್ ಹಳೆಯದೇ ಉಳಿದಿತ್ತು. ಇಲ್ಲಿಂದಲೇ ನಾಕಿಂಗ್ ಶುರು. ಸ್ಪಾರ್ಕ್ ಹಚ್ಚಿದ ಉರಿ ಹಬ್ಬುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಬಿಸಿ, ಒತ್ತಡ ತಾಳದೆ ತಾನಾಗಿ ಧಗ್ ಅನ್ನುತ್ತದೆ. ಆ ಹೊಡೆತ ಪಿಸ್ಟನ್‌ಗೆ ಸುತ್ತಿಗೆ ಏಟು. ಇನ್ನೊಂದು ಅಪಾಯವೂ ಇದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಉರಿಯ ಬಿಸಿ 2000 ಡಿಗ್ರಿ ಮೀರುತ್ತದೆ. ಪಿಸ್ಟನ್‌ಗೆ ಅಂಟಿಕೊಂಡ ತೆಳು ಅನಿಲದ ಪದರ ಅದನ್ನು ಕಾಯುತ್ತಿರುತ್ತದೆ. ನಾಕಿಂಗ್ ಆ ಪದರವನ್ನೇ ಕಿತ್ತುಹಾಕುತ್ತದೆ.

ಬೋರ್‌ಗೆ, ಅಂದರೆ ಸಿಲಿಂಡರ್‌ನ ಒಳಗೋಡೆಗೆ, ಹೋನಿಂಗ್ (ಕಲ್ಲಿನಿಂದ ಉಜ್ಜಿ ಸಮ ಮಾಡೋದು) ಮಾಡಿಸಿದೆ, ಪಿಸ್ಟನ್‌ಗಳನ್ನು ಬದಲಿಸಿದೆ, ಬೇರಿಂಗ್ ಹಾಕಿದೆ. ನನಗೆ ತುಂಬಾ ಇಷ್ಟವಾದ ಕೆಲಸ ರಿಂಗ್‌ನದ್ದು. ರಿಂಗ್ ಪೂರ್ತಿ ವೃತ್ತ ಅಲ್ಲ, ಬಾಯಿ ತೆರೆದ ಬಳೆ. ಅದನ್ನು ಸಿಲಿಂಡರ್ ಒಳಗಿಟ್ಟು, ಪಿಸ್ಟನ್ ತಲೆಕೆಳಗು ಮಾಡಿ ನೇರಕ್ಕೆ ತಳ್ಳಬೇಕು. ಆಮೇಲೆ ಬಾಯಿಯ ಸಂದಿಗೆ ಫೀಲರ್ ಗೇಜ್‌ನ ತೆಳು ಪಟ್ಟಿ ತೂರಿಸಬೇಕು. 77 ಮಿ.ಮೀ. ಬೋರ್‌ಗೆ ಸಾದಾ ಎಂಜಿನ್‌ನಲ್ಲಿ 0.31 ಮಿ.ಮೀ. ಸಂದಿ ಸಾಕು. ಬ್ಲೋವರ್ ಇರುವಲ್ಲಿ 0.45ರ ಹತ್ತಿರ ಬೇಕು. ಯಾಕೆಂದರೆ ಕಬ್ಬಿಣದ ರಿಂಗ್ ಬೋರ್‌ಗಿಂತ 100 ಡಿಗ್ರಿ ಹೆಚ್ಚು ಕಾದರೆ ಅದರ ಸುತ್ತಳತೆ ಕಾಲು ಮಿ.ಮೀ.ಗೂ ಮೀರಿ ಬೆಳೆಯುತ್ತದೆ. ಜಾಗ ಸಾಲದೆ ಎರಡು ತುದಿ ಒಂದಕ್ಕೊಂದು ಒತ್ತಿಕೊಂಡರೆ ರಿಂಗ್ ಬೋರ್‌ಗೆ ಕಚ್ಚಿಕೊಳ್ಳುತ್ತದೆ, ಪಿಸ್ಟನ್ ಅಂಚು ಮುರಿಯುತ್ತದೆ. ಹಾಗಾಗಿ ಅರದಿಂದ ಎರಡು ಸಲ ಉಜ್ಜೋದು, ಒರೆಸೋದು, ಮತ್ತೆ ಅಳೆಯೋದು. ಮೇಲಿನ ನಾಲ್ಕು ರಿಂಗ್‌ಗೆ ಒಂದು ಸಂಜೆ ಹಿಡಿಯಿತು. ಪಟ್ಟಿ ಸಡಿಲವಾಗಿ ಜಾರದೆ, ಬಿಗಿಯಾಗಿ ಸಿಕ್ಕಿಕೊಳ್ಳದೆ, ಬೆರಳಿಗೆ ಹಿತವಾಗಿ ಎಳೆದಂತಾದಾಗ ಅಳತೆ ಸರಿ.

ಉಳಿದದ್ದು ಟ್ಯೂನಿಂಗ್. ಎಂಜಿನ್ ಪೂರ್ತಿ ಜೋರಲ್ಲಿದ್ದಾಗ 14.7ರ ಬದಲು 12 ಗ್ರಾಂ ಗಾಳಿಗೆ ಒಂದು ಗ್ರಾಂನಂತೆ ಪೆಟ್ರೋಲ್ ಕೊಡುತ್ತಾರೆ. ಹೆಚ್ಚುವರಿ ಪೆಟ್ರೋಲ್ ಉರಿಯುವುದಿಲ್ಲ, ಆವಿಯಾಗುತ್ತಾ ಸಿಲಿಂಡರನ್ನು ತಂಪು ಮಾಡುತ್ತದೆ. ಸ್ಪಾರ್ಕ್ ಸ್ವಲ್ಪ ತಡವಾಗಿ ಕೊಟ್ಟರೆ ಒತ್ತಡದ ತುದಿ ತಗ್ಗುತ್ತದೆ. ರಸ್ತೆಯಲ್ಲಿ ಇದನ್ನು ಪರೀಕ್ಷಿಸಬಾರದು. ಅದಕ್ಕೇ ಡೈನೋವನ್ನು (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಅರ್ಧ ದಿನಕ್ಕೆ ಬಾಡಿಗೆಗೆ ಹಿಡಿದೆ. ಚಿಕ್ಕ ಪುಲ್ಲಿಯನ್ನು ಉಳಿಸಿಕೊಂಡಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಶಕ್ತಿಯ ಗೆರೆ ಏರುತ್ತಾ ಹೋಯಿತು, 5,500 ಆರ್‌ಪಿಎಮ್ ಹತ್ತಿರ ನಾಕಿಂಗ್ ಪತ್ತೆಹಚ್ಚುವ ನಾಕ್ ಸೆನ್ಸರ್ ಒಮ್ಮೆ ಮಿಡಿಯಿತು. ಅಲ್ಲಿ ಸ್ಪಾರ್ಕನ್ನು ಎರಡು ಡಿಗ್ರಿ (ಬಿಸಿಯದ್ದಲ್ಲ, ಎಂಜಿನ್ ತಿರುಗುವ ಕೋನದ್ದು) ತಡ ಮಾಡಿದೆ. ಎಂಜಿನ್ ತಣಿಯಲು ಬಿಟ್ಟು ಮತ್ತೆ ಓಡಿಸಿದೆ. ಬ್ಲೋವರ್‌ನ ಕೀರಲು ದನಿ ಶೆಡ್ ತುಂಬಿತು, ನಾಕ್ ಗೆರೆ ಕೊನೆಯವರೆಗೂ ಅಲುಗಲಿಲ್ಲ.