98 ಇದ್ದರೂ ಟ್ಯೂಬ್ ಯಾಕೆ ಸಿಸ್ಟರ್?

ಐಸಿಯು ಬಾಗಿಲಲ್ಲಿ ನನ್ನನ್ನು ತಡೆದು ಕೇಳುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. "ಮಾನಿಟರ್‌ನಲ್ಲಿ 98 ತೋರಿಸ್ತಿದೆ ಅಲ್ವಾ, ಮತ್ತೆ ವೆಂಟಿಲೇಟರ್ ಯಾಕೆ? ಬಿಲ್ ಏರಿಸೋಕಾ?" ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳಿಗೆ ಆಕ್ಸಿಮೀಟರ್ ಬಂತು. ಸ್ಯಾಚುರೇಷನ್ ಅಂದರೆ ಈಗ ಹಳ್ಳಿಯ ಅಜ್ಜಿಗೂ ಗೊತ್ತು. ಒಳ್ಳೆಯದೇ. ಆದರೆ ಆ ಒಂದು ನಂಬರ್ ಸರಿ ಇದ್ದರೆ ಉಸಿರಾಟವೇ ಸರಿ ಇದೆ ಅಂತ ಎಲ್ಲರೂ ನಂಬಿಬಿಟ್ಟಿದ್ದಾರೆ. ನಮ್ಮ ಹೊಸ ನರ್ಸ್‌ಗಳೂ ಸೇರಿ. ನನಗೆ ಸಿಟ್ಟು ಬರುವುದು ಅಲ್ಲೇ.

ಬೆರಳಿಗೆ ಸಿಕ್ಕಿಸುವ ಕ್ಲಿಪ್ ಬೆಳಕು ಹಾಯಿಸಿ ರಕ್ತದ ಬಣ್ಣ ನೋಡುತ್ತದೆ, ಅಷ್ಟೇ. ಹಿಮೋಗ್ಲೋಬಿನ್‌ನ ಎಷ್ಟು ಭಾಗಕ್ಕೆ ಆಕ್ಸಿಜನ್ ಅಂಟಿದೆ ಅಂತ ಅಂದಾಜು ಹೇಳುತ್ತದೆ. ಕಂಡಕ್ಟರ್ "ಸೀಟು ಫುಲ್" ಅಂದ ಹಾಗೆ. ಡಿಪೋದಿಂದ ಎಷ್ಟು ಬಸ್ಸು ಬಿಟ್ಟಿದ್ದಾರೆ ಅಂತ ಅವನಿಗೇನು ಗೊತ್ತು? ಬಸ್ಸೇ ಕಡಿಮೆ, ಅಂದರೆ ಹಿಮೋಗ್ಲೋಬಿನ್ 5ಕ್ಕೆ ಇಳಿದವರಿಗೂ 99 ಬರಬಹುದು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಉಸಿರಾಟಕ್ಕೆ ಎರಡು ಕೆಲಸ. ಆಕ್ಸಿಜನ್ ಒಳಗೆ ತರಬೇಕು, ಕಾರ್ಬನ್ ಡೈಆಕ್ಸೈಡ್ ಹೊರಗೆ ಹಾಕಬೇಕು. ಎರಡನೆಯದು ಆ ಕ್ಲಿಪ್‌ಗೆ ಕಾಣುವುದೇ ಇಲ್ಲ. ಮಾಸ್ಕ್‌ನಲ್ಲಿ ಆಕ್ಸಿಜನ್ ಕೊಟ್ಟರೆ, ಎದೆ ಅರ್ಧಂಬರ್ಧ ಏರಿಳಿದರೂ 98 ಬರಬಹುದು. ಅತ್ತ ಕಾರ್ಬನ್ ಡೈಆಕ್ಸೈಡ್ ಒಳಗೇ ಸೇರುತ್ತಾ ಹೋಗುತ್ತದೆ. ರೋಗಿ ಮಂಕಾಗುತ್ತಾರೆ. "ಪಾಪ, ಈಗ ನೆಮ್ಮದಿಯಾಗಿ ಮಲಗಿದ್ದಾರೆ" ಅನ್ನುತ್ತಾರೆ ಮನೆಯವರು. ಆ ನಿದ್ದೆ ಕಂಡರೆ ನನಗೆ ಹೆದರಿಕೆ. ಎಷ್ಟು ಸೇರಿದೆ ಅಂತ ಸರಿಯಾಗಿ ತಿಳಿಯಬೇಕಾದರೆ ಎಬಿಜಿ, ಅಂದರೆ ಅಪಧಮನಿಯಿಂದ ರಕ್ತ ತೆಗೆದು ಮಾಡುವ ಪರೀಕ್ಷೆ ಬೇಕು.

ಬೀಡಿ ಸೇದಿ ಸಿಒಪಿಡಿ ಅನ್ನುವ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಅಂಟಿಸಿಕೊಂಡ ಅಜ್ಜಂದಿರಿಗೆ ಸಾಮಾನ್ಯವಾಗಿ 88ರಿಂದ 92ರೊಳಗೆ ಇರುವಂತೆ ಬೇಕಂತಲೇ ಆಕ್ಸಿಜನ್ ಕೊಡುತ್ತೇವೆ. ಜಾಸ್ತಿ ಕೊಟ್ಟರೆ ಕಾರ್ಬನ್ ಡೈಆಕ್ಸೈಡ್ ಏರಬಹುದು. ಮಗ 89 ನೋಡಿ ಗಾಬರಿಯಾಗಿ, ನಾವು ಆಚೆ ತಿರುಗಿದಾಗ ಆಕ್ಸಿಜನ್ ಜಾಸ್ತಿ ಬರಲಿ ಅಂತ ಫ್ಲೋಮೀಟರ್ ತಿರುಗಿಸುತ್ತಾನೆ. ಪ್ರೀತಿಗೇ ಮಾಡುವುದು, ಬೈಯಲೂ ಮನಸ್ಸಾಗಲ್ಲ. ಆದರೂ ಬೈಯುತ್ತೇನೆ.

ಒಬ್ಬ ರೈತರು ಬಂದಿದ್ದರು. ಬೆಳೆಗೆ ಹೊಡೆಯುವ ಆರ್ಗನೊಫಾಸ್ಫೇಟ್ ಔಷಧಿ ಮೈಗೆ ಸೇರಿತ್ತು. ಬೆವರು, ಜೊಲ್ಲು ಎಲ್ಲ ಅಟ್ರೋಪಿನ್ ಇಂಜೆಕ್ಷನ್‌ಗೆ ನಿಂತಿತ್ತು. ಮೂರನೇ ದಿನ ಬೆಳಿಗ್ಗೆ ಮಾತಾಡುತ್ತಿದ್ದರು, ಸ್ಯಾಚುರೇಷನ್ 99. ದನಕ್ಕೆ ಮೇವು ಹಾಕಿದರೋ ಇಲ್ಲವೋ ಅಂತ ವಿಚಾರಿಸುತ್ತಿದ್ದರು. "ದಿಂಬಿನಿಂದ ತಲೆ ಎತ್ತಿ ಯಜಮಾನ್ರೇ" ಅಂದೆ. ಆಗಲಿಲ್ಲ. "ಒಂದೇ ಉಸಿರಿಗೆ ಒಂದು, ಎರಡು ಎಣಿಸಿ" ಅಂದೆ. ಒಂಬತ್ತಕ್ಕೆ ನಿಂತು ಉಸಿರು ಎಳೆದುಕೊಂಡರು. ಆರೋಗ್ಯವಾಗಿರುವವರು ಸಾಮಾನ್ಯವಾಗಿ ಮೂವತ್ತು ದಾಟುತ್ತಾರೆ. ಈ ವಿಷದಲ್ಲಿ 1ರಿಂದ 4 ದಿನದೊಳಗೆ ಕುತ್ತಿಗೆಯ ಸ್ನಾಯು, ಉಸಿರಾಟದ ಸ್ನಾಯು ಸೋಲುವುದುಂಟು. ಡಾಕ್ಟರ್ ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಜೋಡಿಸಿದರು. ಮಾತಾಡುತ್ತಿದ್ದ ಗಂಡನಿಗೆ ಪೈಪ್ ತುರುಕಿದಿರಿ ಅಂತ ಹೆಂಡತಿ ನನ್ನ ಜೊತೆ ಜಗಳಕ್ಕೇ ನಿಂತರು. ಡಿಸ್ಚಾರ್ಜ್ ದಿನ ಆ ಯಜಮಾನರು ನನ್ನ ಮುಂದೆ ನಿಂತು ಜೋರಾಗಿ ಎಣಿಸಲು ಶುರು ಮಾಡಿದರು. ನಗು ಬಂದು ಅರ್ಧಕ್ಕೇ ನಿಂತಿತು.

ಉಸಿರು ಜೋರಾದವರಿಗೆಲ್ಲ ಟ್ಯೂಬ್ ಬೇಕು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಜನಕ್ಕೆ ಬಿಗಿ ಮಾಸ್ಕ್‌ನಿಂದ ಗಾಳಿ ಒತ್ತಿ ಕೊಡುವ ಬೈಪ್ಯಾಪ್ ಯಂತ್ರ ಸಾಕಾಗುತ್ತದೆ. ಅದು ಡಾಕ್ಟರ್ ನೋಡಿ ತೀರ್ಮಾನಿಸುವ ವಿಷಯ.

ಹೊಸ ನರ್ಸ್‌ಗಳ ಜೊತೆ ನನ್ನ ಜಗಳ ಬೇರೆ. ಚಾರ್ಟ್‌ನಲ್ಲಿ ಉಸಿರಾಟದ ಕಾಲಂ ನೋಡಿ: 20, 20, 20. ಪಕ್ಕದ ಬೆಡ್‌ಗೂ 20. ಯಾರೂ ಎಣಿಸಿಲ್ಲ, ಸುಮ್ನೆ ಬರೆದಿದ್ದಾರೆ. ವಯಸ್ಕರಿಗೆ ನಿಮಿಷಕ್ಕೆ 12ರಿಂದ 20 ಸಾಮಾನ್ಯ. ರೋಗಿಯ ಸ್ಥಿತಿ ಹದಗೆಡುತ್ತಿದೆಯಾ ಅಂತ ಅಂಕ ಹಾಕಿ ನೋಡುವ ಬ್ರಿಟನ್‌ನ ನ್ಯೂಸ್2 ಪಟ್ಟಿಯಲ್ಲಿ 25 ಮುಟ್ಟಿದರೆ ಆ ಒಂದಕ್ಕೇ 3 ಅಂಕ, ಅಂದರೆ ಪೂರ್ತಿ ಅಂಕ. ಮಾನಿಟರ್ ತೋರಿಸುವ ಉಸಿರಿನ ಲೆಕ್ಕ ಎದೆಯ ಇಸಿಜಿ ಸ್ಟಿಕ್ಕರ್‌ನಿಂದ ಬರುವುದು. ರೋಗಿ ನಡುಗಿದರೂ, ಹೊರಳಿದರೂ ತಪ್ಪುತ್ತದೆ. ಪೂರ್ತಿ ಒಂದು ನಿಮಿಷ ಎದೆ ನೋಡಿ ಎಣಿಸಿ. ಎಣಿಸುತ್ತೇನೆ ಅಂತ ರೋಗಿಗೆ ಹೇಳಬೇಡಿ, ಹೇಳಿದ ಕೂಡಲೇ ಉಸಿರಾಟ ಬದಲಾಗುತ್ತದೆ. ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದುಕೊಂಡಿರಿ.

ರಾತ್ರಿ ಫೋನ್ ಮಾಡಿ "ಸರ್, ಸ್ಯಾಚುರೇಷನ್ 98" ಅಂತ ಶುರು ಮಾಡಿದರೆ ಡ್ಯೂಟಿ ಡಾಕ್ಟರ್ "ಸರಿ, ನೋಡ್ತಿರಿ" ಅಂತ ಮತ್ತೆ ಮಲಗುತ್ತಾರೆ. "ನಿಮಿಷಕ್ಕೆ 34 ಉಸಿರು, 10 ಲೀಟರ್ ಆಕ್ಸಿಜನ್ ಮೇಲೆ 98, ಸಂಜೆಗಿಂತ ಮಂಕು" ಅನ್ನಿ. ನೀವು ಮಾತು ಮುಗಿಸುವ ಮೊದಲೇ ಅವರು ಚಪ್ಪಲಿ ಹುಡುಕುತ್ತಿರುತ್ತಾರೆ.