ಕಾರವಾರದ ಗೋಡೆಗೆ ಬಣ್ಣ ಹಚ್ಚುವ ಮುನ್ನ

ಬೀದಿಬದಿಯ ಗೋಡೆಚಿತ್ರ ಎರಡನೇ ಮಳೆಗಾಲಕ್ಕೇ ಹೊಪ್ಪಳಿಕೆ ಎದ್ದರೆ ಎಲ್ಲರೂ ಬೈಯುವುದು ಬಣ್ಣದ ಕಂಪನಿಯನ್ನು. ತಪ್ಪು ಹೆಚ್ಚಾಗಿ ಗೋಡೆಯ ಒಳಗಿನ ತೇವದ್ದು. ಮಳೆಗಾಲವಿಡೀ ನೀರು ಕುಡಿದ ಚಿರೇಕಲ್ಲು (ಕೆಂಪು ಮುರಕಲ್ಲು) ದೀಪಾವಳಿ ಕಳೆದರೂ ಪೂರ್ತಿ ಆರಿರುವುದಿಲ್ಲ. ಹಾಗಾಗಿ ಕಾರವಾರ, ಅಂಕೋಲಾ ಕಡೆ ಡಿಸೆಂಬರ್‌ಗಿಂತ ಮೊದಲು ಬ್ರಶ್ ಹಿಡಿಯದಿರುವುದೇ ವಾಸಿ.

ಪರೀಕ್ಷೆ ಸುಲಭ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಒಳಮೈಯಲ್ಲಿ ಹನಿ ಕಟ್ಟಿದ್ದರೆ ಪ್ರೈಮರ್ ಡಬ್ಬ ತೆರೆಯಬೇಡಿ. ಹೊಸ ಸಿಮೆಂಟ್ ಗಿಲಾವಿಗೆ ಕನಿಷ್ಠ 28 ದಿನ ಬೇಕು. ಬಿಳಿ ಉಪ್ಪಿನ ಹುಡಿ ಕಂಡರೆ ಒಣ ಬ್ರಶ್ಶಿನಲ್ಲೇ ಉಜ್ಜಿ ಉದುರಿಸಿ. ಮೊದಲೇ ನೀರು ಹೊಡೆದರೆ ಉಪ್ಪು ಕರಗಿ ಮತ್ತೆ ಒಳಗೇ ಇಳಿಯುತ್ತದೆ. ಹಾವಸೆಗೆ ಬ್ಲೀಚಿಂಗ್ ಪುಡಿ ಕಲಸಿದ ನೀರು ಸಾಕು. ಅದರ ಮೇಲೆ ಆ್ಯಸಿಡ್ ಸುರಿಯುವವರೂ ಇದ್ದಾರೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಸಂದಿಯಲ್ಲಿ ನಿಂತವರ ಪ್ರಾಣಕ್ಕೇ ಕುತ್ತು.

ಬಣ್ಣದ ಆಯ್ಕೆಗೆ ನಮ್ಮ ಕಡೆಯ ಹಳೆಯ ದೇವಸ್ಥಾನಗಳ ಕಾವಿ ಚಿತ್ರಗಳನ್ನೇ ನೋಡಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಹಸಿ ಇರುವಾಗಲೇ ಮೊನಚಾದ ಉಕ್ಕಿನ ಕಡ್ಡಿಯಿಂದ ಕೆರೆದು ಅಡಿಯ ಬಿಳುಪು ತೆಗೆಯುವ ವಿಧಾನ ಅದು. ಅಲ್ಲಿನ ಕೆಂಪು ಕಬ್ಬಿಣದ ಆಕ್ಸೈಡ್, ಬಿಸಿಲಿಗೆ ಮಾಸುವುದಿಲ್ಲ. ಇಂದಿನ ಹೊಳೆಯುವ ಗುಲಾಬಿ, ನಿಂಬೆಹಳದಿಗಳು ಪಡುವಣ ಗೋಡೆಯಲ್ಲಿ ಬೇಗ ಸೋಲುತ್ತವೆ. ಎಕ್ಸ್‌ಟೀರಿಯರ್ ಅಕ್ರಿಲಿಕ್ ಎಮಲ್ಷನ್‌ನಲ್ಲಿ ಕಾವಿ, ಮಣ್ಣುಹಳದಿ, ಕಪ್ಪನ್ನೇ ಮುಖ್ಯವಾಗಿಟ್ಟು, ಮಾಸುವ ಬಣ್ಣಗಳನ್ನು ಸುಲಭವಾಗಿ ಮತ್ತೆ ತೀಡಬಹುದಾದ ಜಾಗಕ್ಕೆ ಇಡಿ. ಎರಡು ಸಲ ಬಳಿಯುವುದಾದರೆ ಲೀಟರಿಗೆ ಸುಮಾರು 50 ಚದರಡಿ ಲೆಕ್ಕ. ಗಿಲಾವಿಲ್ಲದ ಚಿರೇಕಲ್ಲಾದರೆ ಈ ಲೆಕ್ಕ ಹಿಡಿಯಬೇಡಿ, ಅದು ಕುಡಿಯುತ್ತಲೇ ಇರುತ್ತದೆ.

ಸ್ಪ್ರೇ ಕೆಲಸ ಬೆಳಗ್ಗೆಯೇ ಮುಗಿಯಬೇಕು. ಹೊತ್ತೇರಿದಂತೆ ಕಡಲಗಾಳಿ ಬೀಸತೊಡಗಿ ಬಣ್ಣದ ಮಂಜು ನಿಮ್ಮ ಮುಖಕ್ಕೋ ಪಕ್ಕದ ಕಾರಿಗೋ ಹೋಗುತ್ತದೆ. ಕ್ಯಾನನ್ನು ಎರಡು ನಿಮಿಷ ಕುಲುಕಿ. ಹತ್ತಿರ ಹಿಡಿದರೆ ಗೆರೆ ಚೂಪು, ಒಂದಡಿ ದೂರಕ್ಕೆ ಮಬ್ಬು. ಒಂದೇ ಕಡೆ ಕೈ ನಿಂತರೆ ಸೋರಿಕೆ. ಮೂಗಿಗೆ ಕಟ್ಟಿದ ಟವಲ್ಲಾಗಲಿ ಧೂಳಿನ ಮಾಸ್ಕಾಗಲಿ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು, ಗಡ್ಡವಿದ್ದರೆ ಅದೂ ಮುಖಕ್ಕೆ ಸರಿಯಾಗಿ ಕೂರದು. ಬಣ್ಣದ ವಾಸನೆ ಒಳಗೆ ಬಂತೆಂದರೆ ಕಾರ್ಟ್ರಿಜ್ ಮುಗಿದಿದೆ, ಇಲ್ಲವೇ ಮಾಸ್ಕ್ ಎಲ್ಲೋ ಸಡಿಲವಾಗಿದೆ.

ಏಣಿಯ ಬುಡ ನಾಲ್ಕಡಿ ಎತ್ತರಕ್ಕೆ ಒಂದಡಿಯಂತೆ ಗೋಡೆಯಿಂದ ಆಚೆ ಇರಲಿ, ಏಣಿಯ ಮೇಲ್ತುದಿಯನ್ನು ಕಟ್ಟಿ ಭದ್ರಪಡಿಸಿ. ಎರಡಾಳೆತ್ತರ ದಾಟಿದರೆ ಸಾರುವೆ ಕಟ್ಟಿಸಿ. ತಂತಿ ಹತ್ತಿರವಿದ್ದಲ್ಲಿ ಅಲ್ಯೂಮಿನಿಯಂ ಏಣಿ ಬೇಡವೇ ಬೇಡ; ವಿದ್ಯುತ್ ಕಂಪನಿ ಹೆಸ್ಕಾಂಗೆ ಹೇಳಿ ಲೈನ್ ಆಫ್ ಮಾಡಿಸದೆ ಹತ್ತಬೇಡಿ.

ಬಾಯಿಮಾತಿನ ಒಪ್ಪಿಗೆ ನಂಬಬೇಡಿ. ಸಾರ್ವಜನಿಕರಿಗೆ ಕಾಣುವ ಜಾಗದ ಅಂದಗೆಡಿಸಿದರೆ 1981ರ ರಾಜ್ಯ ಕಾಯ್ದೆಯಡಿ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಾಲೀಕರ ಸಹಿಯಿರುವ ಪತ್ರದಲ್ಲಿ ಗೋಡೆಯ ವಿವರ, ದಿನಾಂಕ, ಚಿತ್ರದ ನಕ್ಷೆ ಇರಲಿ. ನಗರಸಭೆಯ ಗೋಡೆಗೆ ಅಲ್ಲಿಂದಲೇ ಅನುಮತಿ ಪತ್ರ ಪಡೆಯಿರಿ. ಮುಗಿದ ಚಿತ್ರವನ್ನು ಮೇಲಿಂದ ತೆಗೆಯುವ ಆಸೆಗೆ ನೌಕಾನೆಲೆಯ ಆಸುಪಾಸಿನಲ್ಲಿ ಡ್ರೋನ್ ಹಾರಿಸಿದರೆ ಮಾತ್ರ ಯಾವ ಮಾಲೀಕರ ಪತ್ರವೂ ಕಾಯುವುದಿಲ್ಲ.